ಸಾಂಬಾರು ನಿಲ್ಲದ ಡಬ್ಬಿ

ಹಂಗಳ ಎಂಬ ಊರಿನಲ್ಲಿ ಆ ಹಸುವಿನ ಹೊಟ್ಟೆ ಕೊಯ್ದಾಗ ನಾನು ಅಲ್ಲೇ ನಿಂತಿದ್ದೆ. ಇಷ್ಟರ ಬಗ್ಗೆ ಅನುಮಾನವಿಲ್ಲ. ಆದರೆ ಒಳಗಿನಿಂದ ಏನೇನು ಹೊರಬಂತು ಎಂದು ಬರೆಯಲು ಹೊರಟರೆ ಕೈ ತಡೆಯುತ್ತದೆ. ಬಹಳ ವರ್ಷಗಳಿಂದ ಈ ಪ್ರಸಂಗವನ್ನು ಅವರಿವರಿಗೆ ಹೇಳುತ್ತ ಬಂದಿದ್ದೇನೆ. ಹೇಳುವವನ ಬಾಯಲ್ಲಿ ಮಾತು ಬೆಳೆಯುತ್ತದೆ ಎಂಬುದನ್ನು ನನ್ನ ಮೇಲೇ ಪ್ರಯೋಗ ಮಾಡಿ ತಿಳಿದುಕೊಂಡಿದ್ದೇನೆ. ಅಂದಿನ ಒಂದು ಚಿತ್ರವಂತೂ ನನ್ನ ತಲೆಯಲ್ಲಿ ತೀರಾ ಅಚ್ಚುಕಟ್ಟಾಗಿ ಕುಳಿತಿದೆ. ಅಷ್ಟು ಅಚ್ಚುಕಟ್ಟಾದ ನೆನಪನ್ನು ನಾನು ನಂಬುವವನಲ್ಲ. ಹಾಗಾಗಿ ಅದನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಪ್ಯಾಕಿಂಗ್ ವಿನ್ಯಾಸದ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಇದು ಉಪಯೋಗಕ್ಕೆ ಬಂದೀತು. ಬಾರದಿದ್ದರೂ, ಈ ಕೆಲಸದಲ್ಲಿ ನಿದ್ದೆ ಎಲ್ಲಿ ಕೆಡುತ್ತದೆ ಎಂಬುದಾದರೂ ಗೊತ್ತಾದೀತು.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಮೊದಲ ಹಲವು ವರ್ಷ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಉಪ್ಪಿನಕಾಯಿ, ಶಾಂಪೂ ತುಂಬುವ ಪುಟ್ಟ ಸ್ಯಾಷೆಗಳನ್ನು ಮಾಡಿದೆ. ಪ್ಲಾಸ್ಟಿಕ್ಕಿನ ಮೇಲೆ ಅಲ್ಯೂಮಿನಿಯಂ, ಅದರ ಮೇಲೆ ಮತ್ತೆ ಪ್ಲಾಸ್ಟಿಕ್. ಒಮ್ಮೆ ಅಂಟಿಸಿದರೆ ಯಾರೂ ಬಿಡಿಸಲಾಗದು ಎಂಬುದೇ ನಮ್ಮ ಹೆಮ್ಮೆಯಾಗಿತ್ತು. ಬಿಡಿಸಲಾಗದ ಆ ವಸ್ತು ಮುಂದೆ ಏನಾಗುತ್ತದೆ ಎಂದು ಕೇಳತೊಡಗಿದ ಮೇಲೆ ನನಗೆ ಅಲ್ಲಿ ಸಮಾಧಾನವಾಗಲಿಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಚಾಮರಾಜನಗರದ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ಘಟಕಕ್ಕೆ ಬಂದು ಸೇರಿದೆ.

ಅದರ ಮಾಲೀಕರು ನಿಸಾರ್ ಸಾಹೇಬರು. ಅವರ ಮನೆತನ ಮೊದಲು ಗೋಣಿಚೀಲದ ವ್ಯಾಪಾರದಲ್ಲಿತ್ತು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಲಾರಿಯವರ ಜೊತೆ ತಮಿಳು, ಸಿಟ್ಟು ಬಂದಾಗ ಮೂರೂ. ನನ್ನನ್ನು ಅವರು ಕರೆಯುತ್ತಿದ್ದದ್ದು 'ಯೂನಿವರ್ಸಿಟಿ ಸಾರ್' ಎಂದು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಕೊನೆಯವರೆಗೂ ನನಗೆ ತಿಳಿಯಲಿಲ್ಲ.

'ಮರುಬಳಕೆಗೆ ಯೋಗ್ಯ' ಎಂಬ ಮಾತು ಆಗ ಹೊಸದು. ನಾನು ಮಾಡಿದ ಪ್ರತಿ ಮಾದರಿಯನ್ನೂ ಹಿಡಿದುಕೊಂಡು ಊರಿನ ಗುಜರಿ ಅಂಗಡಿಗೆ ಹೋಗಿ ಇದನ್ನು ಕೊಳ್ಳುತ್ತೀರಾ ಎಂದು ಕೇಳುತ್ತಿದ್ದೆ. ಗುಜರಿಯವನು ಒಂದು ವಾರ ಮೇಣ ಹಚ್ಚಿದ ಡಬ್ಬಿಯನ್ನು ಹರಿದು ನೋಡಿ "ಇದು ನಡಿಯಲ್ಲ, ತಗೊಂಡೋಗಿ" ಎಂದು ವಾಪಸು ಎಸೆದ. ಮುಂದಿನ ವಾರ ಅದೇ ಡಬ್ಬಿಯನ್ನು ತುಟಿಪಿಟಕ್ಕೆನ್ನದೆ ತಕ್ಕಡಿಗೆ ಹಾಕಿದ. ಯಾಕೆಂದು ಕೇಳಿದ್ದಕ್ಕೆ, "ಇವತ್ತು ಲಾರಿ ಬಂದೈತೆ, ಜಾಗ ತುಂಬಬೇಕು" ಎಂದ. ಆ ದಿನದಿಂದ ಪುಸ್ತಕದಲ್ಲಿ ಮರುಬಳಕೆಯ ಬಗ್ಗೆ ಬರೆದದ್ದನ್ನೆಲ್ಲ ನಾನು ಅರ್ಧ ಮಾತ್ರ ನಂಬುತ್ತೇನೆ. ವಸ್ತುವಿನ ಗುಣ ಅರ್ಧ, ಅದನ್ನು ಕೊಳ್ಳುವವನ ಅಂದಿನ ಅಗತ್ಯ ಇನ್ನರ್ಧ.

ಇನ್ನು ಮುಖ್ಯ ವಿಷಯ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಶಿವಣ್ಣ ಎಂಬವರದೊಂದು ಹೋಟೆಲಿತ್ತು. ಬಂಡೀಪುರ, ಊಟಿ, ಕೇರಳದ ಕಡೆ ಹೋಗುವ ಪ್ರವಾಸಿ ಬಸ್ಸುಗಳು ಅಲ್ಲಿ ಊಟದ ಪಾರ್ಸಲ್ ಕಟ್ಟಿಸಿಕೊಂಡು, ಹಂಗಳ ದಾಟಿದ ಮೇಲೆ ಮರದ ನೆರಳಲ್ಲಿ ನಿಲ್ಲಿಸಿ ತಿಂದು, ಕವರುಗಳನ್ನು ಅಲ್ಲೇ ಎಸೆದು ಕಾಡಿನೊಳಕ್ಕೆ ಹೋಗುತ್ತಿದ್ದವು. ಜನ ದೂರಿದ್ದರು, ಅರಣ್ಯದವರೂ ಬಂದು ಎಚ್ಚರಿಸಿದ್ದರು. ಪ್ಲಾಸ್ಟಿಕ್ ಇಲ್ಲದ ಊಟದ ಡಬ್ಬಿ ಬೇಕೆಂದು ಶಿವಣ್ಣ ನಮ್ಮಲ್ಲಿಗೆ ಬಂದರು.

ನಾನು ಮಾಡಿದ ಡಬ್ಬಿ ಹೀಗಿತ್ತು. ಕಂದು ಕಾಗದದ ತೆಳು ರಟ್ಟು. ಒಂದೇ ಒಂದು ಪಿನ್ ಇಲ್ಲ, ಮಡಿಕೆಯ ಬಲದಿಂದಲೇ ನಿಲ್ಲಬೇಕು. ಒಳಗೆ ಬೆಂಕಿಗೆ ಹಿಡಿದು ಬಾಡಿಸಿದ ಬಾಳೆ ಎಲೆ. ಸಾಂಬಾರಿಗೆ ಒಂದು ಮೂಲೆಯಲ್ಲಿ ಮುತ್ತುಗದ ಎಲೆಯ ದೊನ್ನೆ, ಮೇಲೆ ಎಲೆಯ ಮುಚ್ಚಳ. ಕಚೇರಿಯ ಮೇಜಿನ ಮೇಲಿಟ್ಟು ದೊನ್ನೆಗೆ ನೀರು ತುಂಬಿ ನೋಡಿದೆ. ಸೋರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಡಬ್ಬಿಯನ್ನು ತೋರಿಸಲು ಸಾಹೇಬರೂ ನಾನೂ ಹೋಟೆಲಿಗೆ ಹೋದ ದಿನ ನಾಲ್ಕಾರು ಜನ ಸುತ್ತ ನಿಂತಿದ್ದರು. ಹಂಗಳದ ಮಹದೇವಮ್ಮ ಎಂಬ ಹೆಂಗಸೂ ಇದ್ದರು. ಹೋಟೆಲಿಗೆ ಮೊಸರು ತಂದು ಹಾಕುತ್ತಿದ್ದವರು ಅವರೇ. ಶಿವಣ್ಣ ಡಬ್ಬಿಯನ್ನು ತಿರುಗಿಸಿ ನೋಡಿ ಕೇಳಿದರು: "ಮಳೇಲಿ ನೆಂದ್ರೆ?"

"ಮಣ್ಣಾಗುತ್ತೆ."

"ದನ ತಿಂದ್ಬುಟ್ರೆ?"

"ಏನೂ ಆಗಲ್ಲ."

ಈ ಕಡೆಯ ಉತ್ತರ ಕೊಟ್ಟದ್ದು ಯಾರು? ನನ್ನ ನೆನಪಿನಲ್ಲಿ ನಿಸಾರ್ ಸಾಹೇಬರು. ಅಷ್ಟೇ ಅಲ್ಲ, ಅವರು ಮುಚ್ಚಳದ ಒಂದು ಪಟ್ಟಿಯನ್ನು ಹರಿದು ಹೋಟೆಲಿನ ಮುಂದೆ ನಿಂತಿದ್ದ ಬೀದಿ ಹಸುವಿಗೆ ಹಿಡಿದರು, ಅದು ತಿಂದಿತು, ಎಲ್ಲರೂ ನಕ್ಕರು. ಸಾಹೇಬರು ಹೇಳುವುದೇ ಬೇರೆ. "ತಿನ್ಸಿದ್ದು ನೀವು ಸಾರ್. ನಾನು ದನದ ಹತ್ರ ಹೋಗೋನೇ ಅಲ್ಲ. ಚಿಕ್ಕೋನಿದ್ದಾಗ ಒದೆಸ್ಕೊಂಡಿದೀನಿ, ಮಂಡಿ ತೋರ್ಸ್ಲಾ?" ಈ ವಾದ ಅವರು ಇರುವವರೆಗೂ ಮುಗಿಯಲಿಲ್ಲ. ಯಾರು ತಿನ್ನಿಸಿದರೂ ಮಹದೇವಮ್ಮ ಅದನ್ನು ನೋಡಿದರು ಎಂಬುದು ಮಾತ್ರ ನಿಜ.

ನಮ್ಮ ಕಡೆಯ ಮನೆಗಳಲ್ಲಿ ಹಿತ್ತಲಿಗೊಂದು ಕಲಗಚ್ಚಿನ ಬಾನಿ ಇರುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಅದಕ್ಕೆ ಬಿದ್ದು, ಸಂಜೆಗೆ ದನದ ಪಾಲಾಗುತ್ತದೆ. ದನ ತಿನ್ನಬಹುದಾದ್ದನ್ನು ಎಸೆಯುವುದು ಆ ಮನೆಗಳಲ್ಲಿ ತಪ್ಪು. ಮಣ್ಣಿಗೆ ಸೇರುವ ಡಬ್ಬಿ ಎಂದರೆ ಮಣ್ಣಿಗೆ ಬಿಡಬೇಕಾದ ಡಬ್ಬಿ ಎಂದು ನಾನು ತಿಳಿದಿದ್ದೆ. ಮಹದೇವಮ್ಮನಿಗೆ ಅದು ಅನ್ನ, ಎಲೆ, ರಟ್ಟು ಎಲ್ಲ ಸೇರಿದ ಮೇವು. ಪ್ರವಾಸಿಗರು ರಸ್ತೆಬದಿ ಎಸೆದ ಡಬ್ಬಿಗಳನ್ನು ಅವರು ದಿನವೂ ಗೋಣಿಚೀಲದಲ್ಲಿ ಆಯ್ದು ತಂದು ಬಾನಿಯಲ್ಲಿ ನೆನೆಹಾಕಿ ಹಸುವಿಗೆ ಇಡತೊಡಗಿದರು. ಊರಿನ ರಸ್ತೆಯೂ ಚೊಕ್ಕಟವಾಯಿತು. ಅದನ್ನು ಕೇಳಿ ನಾನು ಹಿಗ್ಗಿದ್ದು ನೆನಪಿದೆ. ಎಸೆದದ್ದು ಯಾರಿಗೋ ಬೇಕಾಗಿದೆ ಎಂದರೆ ವಿನ್ಯಾಸ ಗೆದ್ದಿತು ಎಂದು ಯಾರಿಗೋ ಹೇಳಿದ್ದೆ ಕೂಡ.

ಒಂದು ಬೆಳಿಗ್ಗೆ ಸಾಹೇಬರಿಗೆ ಶಿವಣ್ಣನವರ ಫೋನು ಬಂತು. "ಸಾಬ್ರೇ, ಮಹದೇವಮ್ಮನ ಹಸ ಮೂರು ದಿನದಿಂದ ಮೇವು ಮುಟ್ಟಿಲ್ವಂತೆ. ಹೊಟ್ಟೆ ಉಬ್ಬರಿಸ್ಕೊಂಡೈತೆ. ನಿಮ್ ಡಬ್ಬಿ ತಿಂದೇ ಇಂಗಾಗಿರಾದು ಅಂತಾವ್ರೆ. ಬೇಗ ಬನ್ನಿ."

ನನಗೆ ಮೊದಲು ಹೊಳೆದದ್ದು ಗೋಂದು. ರಟ್ಟಿನ ಪದರ ಅಂಟಿಸುವ ಗಂಜಿಗೆ ಬೂಷ್ಟು ಹಿಡಿಯದಿರಲೆಂದು ಮೈಲುತುತ್ತ ಹಾಕುವುದು ನಮ್ಮ ಕಸುಬಿನಲ್ಲಿ ಹಳೆಯ ರೂಢಿ. ಮೈಲುತುತ್ತ ವಿಷ. ಊಟದ ಡಬ್ಬಿಗೆ ಅದು ಕೂಡದು, ದಿನದಿನದ ಗಂಜಿಯನ್ನು ಅಂದಂದೇ ಬೇಯಿಸಬೇಕು ಎಂದು ನಾನು ಹೇಳಿದ್ದೆ. ಹೇಳಿದ್ದು ಖಚಿತ. ಆದರೆ ಆ ತಿಂಗಳು ಜಡಿಮಳೆ ಹಿಡಿದಿತ್ತು. ಬೇರೆ ಪೆಟ್ಟಿಗೆಗಳ ಗೋಂದೂ ಡಬ್ಬಿಯ ಗೋಂದೂ ಬೇಯುತ್ತಿದ್ದದ್ದು ಒಂದೇ ಡ್ರಮ್ಮಿನಲ್ಲಿ. ಕಣ್ಣು ಮುಚ್ಚಿದರೆ ಆ ಡ್ರಮ್ಮು ಕಾಣುತ್ತಿತ್ತು. ಒಮ್ಮೆ ಗಂಜಿ ಹಾಲಿನಂತೆ ಬಿಳಿ, ಇನ್ನೊಮ್ಮೆ ತೆಳು ನೀಲಿ. ಯಾವುದು ಯಾವ ದಿನದ್ದೆಂದು ಹೇಳಲಾರೆ. ಇವತ್ತಿಗೂ ಹೇಳಲಾರೆ.

ಸಾಹೇಬರ ಸ್ಕೂಟರಿನ ಹಿಂದೆ ಕುಳಿತು ತೆರಕಣಾಂಬಿ ದಾರಿಯಲ್ಲಿ ಹೊರಟೆ.

"ಸಾಬ್ರೇ, ಡಬ್ಬಿ ಗಂಜಿಗೆ ತುತ್ತ ಹಾಕಿಸಿದ್ರಾ?"

"ನೀವು ಬೇಡ ಅಂದಿದ್ರಲ್ಲ."

"ಬೇಡ ಅಂದಿದ್ದೆ. ಹಾಕಿಸಿದ್ರಾ ಅಂತ ಕೇಳ್ತಿದೀನಿ."

"ಗಾಡಿ ಓಡಿಸೋವಾಗ ಕೇಳ್ಬೇಡಿ ಸಾರ್. ಬಿದ್ರೆ ಇಬ್ರೂ ಹೋಗ್ತೀವಿ. ಆಮೇಲೆ ಆ ಅಮ್ಮ ಯಾರನ್ನ ಬೈಬೇಕು?"

ಪಕ್ಕದ ಹೊಲಗಳಲ್ಲಿ ಅರಿಸಿನ ಹಸಿರಾಗಿ ನಿಂತಿತ್ತು. ಗುಂಡ್ಲುಪೇಟೆಯವರೆಗೂ ನಾನು ತಲೆಯಲ್ಲೇ ಲೆಕ್ಕ ಹಾಕುತ್ತಿದ್ದೆ: ಒಂದು ಡಬ್ಬಿಗೆ ಗೋಂದು ಎಷ್ಟು, ಗೋಂದಿಗೆ ತುತ್ತ ಎಷ್ಟು, ಹಸುವಿಗೆ ಡಬ್ಬಿ ಎಷ್ಟು. ಪ್ರತಿ ಸಲವೂ ಬೇರೆ ಉತ್ತರ ಬರುತ್ತಿತ್ತು.

ಹಂಗಳದಲ್ಲಿ ಮಹದೇವಮ್ಮನ ಮನೆ ಹುಡುಕಬೇಕಾಗಲಿಲ್ಲ, ಜನ ಸೇರಿದ್ದರು. "ಡಬ್ಬಿ ಸಾಬ್ರು ಬಂದ್ರು ಕಣ್ಲಾ, ದಾರಿ ಬುಡು" ಎಂದು ಒಬ್ಬ. "ಇವ್ರಿಗೂ ಒಂದೊಂದು ಡಬ್ಬಿ ನೆನೆಹಾಕ್ಕೊಡಿ, ತಿಂದು ತೋರಿಸ್ಲಿ" ಎಂದು ಇನ್ನೊಬ್ಬ. ಹೊಂಗೆ ಮರದಡಿ ಹಸು ತಲೆ ಇಳಿಬಿಟ್ಟು ನಿಂತಿತ್ತು. ಕೆಂಪಿ ಎಂದು ಅದರ ಹೆಸರು. ಏಳು ತಿಂಗಳ ಗಬ್ಬ. ಆ ಮನೆಯ ಸಂತೆ ಖರ್ಚು, ಮಗಳ ಕಾಲೇಜು ಎರಡೂ ಕೆಂಪಿಯ ಮೇಲೆ ನಿಂತಿದ್ದವು.

ಮಹದೇವಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀವೇ ಏಳಿದ್ರಲ್ಲಪ್ಪ, ದನ ತಿಂದ್ರೂ ಏನೂ ಆಗಕಿಲ್ಲ ಅಂತ. ಓದಿರೋರು ಏಳವ್ರೆ ಅಂತ ನಂಬ್ಕಂಡು ಕಲಗಚ್ಗೆ ಆಕ್ದೆ" ಎಂದಷ್ಟೇ ಹೇಳಿ ಹಸುವಿನ ಕತ್ತು ಸವರುತ್ತ ನಿಂತರು.

ಗುಂಡ್ಲುಪೇಟೆಯಿಂದ ಪಶುವೈದ್ಯರು ಆಗಲೇ ಬಂದಿದ್ದರು. ನಾನು ಅವರನ್ನು ಪಕ್ಕಕ್ಕೆ ಕರೆದು ಗೋಂದಿನಲ್ಲಿ ಮೈಲುತುತ್ತ ಇದ್ದಿರಬಹುದು ಎಂದೆ. ಸಾಹೇಬರು ನನ್ನತ್ತ ನೋಡಿದರು. ಡಾಕ್ಟರು ಹಸುವಿನ ಕಣ್ಣು, ವಸಡು, ಸಗಣಿ ಎಲ್ಲ ನೋಡಿ, "ಅದರ ಲಕ್ಷಣ ಇಲ್ಲಿ ಕಾಣ್ತಿಲ್ಲ" ಎಂದರು. ಆಮೇಲೆ ಎಡಪಕ್ಕೆಯನ್ನು ಮುಷ್ಟಿಯಿಂದ ಒತ್ತಿದರು. ಒತ್ತಿದ ಗುಳಿ ಹಾಗೇ ನಿಂತಿತು, ಕಲಸಿಟ್ಟ ಹಿಟ್ಟಿನ ಮೇಲೆ ಒತ್ತಿದಂತೆ. "ಒಳಗೆ ಏನೋ ಅಡ್ಡ ಕೂತಿದೆ. ಕೊಯ್ಯದಿದ್ರೆ ಹಸು ಉಳಿಯಲ್ಲ. ಕೊಯ್ದ್ರೆ ಹೊಟ್ಟೇಲಿರೋ ಕರು ಉಳಿಯುತ್ತೆ ಅಂತ ಮಾತು ಕೊಡಕ್ಕಾಗಲ್ಲ. ಏನ್ ಮಾಡ್ಲಿ, ಹೇಳಮ್ಮ."

ಮಹದೇವಮ್ಮ ಸುತ್ತ ನಿಂತವರನ್ನಾಗಲಿ ನಮ್ಮನ್ನಾಗಲಿ ಕೇಳಲಿಲ್ಲ. "ಕುಯ್ಯಿ ಸ್ವಾಮಿ" ಎಂದರು.

ಹಸು ನಿಂತೇ ಇತ್ತು. ಪಕ್ಕೆ ಮರಗಟ್ಟುವ ಸೂಜಿ ಕೊಟ್ಟು ಡಾಕ್ಟರು ಎಡಗಡೆ ಕೊಯ್ದರು. ಹುಳಿ ವಾಸನೆ ಎದ್ದಿತು. ಭುಜದವರೆಗೂ ಕೈ ಹಾಕಿ ಅವರು ಎಳೆಯತೊಡಗಿದರು. ಮೊದಲು ಬಂದದ್ದು ಕಂದು ಮುದ್ದೆ. ಅದರಲ್ಲಿ ಹುಲ್ಲು ಯಾವುದು, ನಮ್ಮ ರಟ್ಟು ಯಾವುದು ಎಂದು ಹೇಳುವಂತಿರಲಿಲ್ಲ. ಆಮೇಲೆ ನೈಲಾನ್ ಹಗ್ಗದ ತುಂಡು, ಹಾಲಿನ ಕವರು. ಆಮೇಲೆ ಒಂದಕ್ಕೊಂದು ಹೆಣೆದುಕೊಂಡ ಪ್ಲಾಸ್ಟಿಕ್, ತಳ್ಳಿದರೆ ಉರುಳುವಷ್ಟು ಗಟ್ಟಿ ಉಂಡೆ. ಆ ಹೆಣಿಗೆಯಲ್ಲಿ ಅಂಗೈ ಅಗಲದ ತೆಳು ಕವರುಗಳು ಬಹಳ ಇದ್ದವು.

ನಿಸಾರ್ ಸಾಹೇಬರು ಉಸಿರು ಬಿಟ್ಟರು. "ನೋಡಿ, ಎಲ್ರೂ ನೋಡಿ. ನಮ್ದು ಡಬ್ಬಿ ಅಲ್ಲ. ಪ್ಲಾಸ್ಟಿಕ್ಕು."

ನನಗೂ ಹಾಗೇ ಅನ್ನಿಸಿತು. ಆ ಅರೆಗಳಿಗೆಯ ಸಮಾಧಾನವನ್ನು ನಾನು ಮರೆತಿಲ್ಲ. ಅದನ್ನು ಕಳೆದದ್ದು ಮಹದೇವಮ್ಮ. "ಆ ಚಿಕ್ ಕವರುಗೋಳು ನಿಮ್ ಡಬ್ಬಿ ಒಳ್ಗೇ ಇರ್ತಿದ್ವು ಕಣಪ್ಪ. ಸಾಂಬಾರ್ದು. ನಾನು ಕಂಡಂಗೆಲ್ಲ ಕಿತ್ತಾಕ್ತಿದ್ದೆ. ಎಲೆಗೆ ಅಂಟ್ಕಂಡಿದ್ದು ಕಣ್ಗೆ ಬಿದ್ದಿಲ್ಲ ಅಂದ್ರೆ ಏನ್ ಮಾಡಾನ?"

ಸಾಂಬಾರಿನ ಕವರು ಎಂಬುದು ನನ್ನ ಡಬ್ಬಿಯಲ್ಲಿ ಇರಲೇ ಇಲ್ಲ. ನನ್ನ ಡಬ್ಬಿಯಲ್ಲಿದ್ದದ್ದು ದೊನ್ನೆ.

ಡಾಕ್ಟರು ಹೊಲಿಗೆ ಮುಗಿಸಿ ಹೊರಟ ಮೇಲೆ ನಾವು ನೇರ ಹೋಟೆಲಿಗೆ ಬಂದೆವು. ಶಿವಣ್ಣ ಮುಚ್ಚಿಡಲಿಲ್ಲ. "ದೊನ್ನೆ ಸೋರುತ್ತೆ ಸಾರ್. ನಿಮ್ ಮೇಜಿನ ಮೇಲೆ ಸೋರ್ದೆ ಇರಬಹುದು. ಬಸ್ಸು ಹಂಪ್ ಹಾರ್ದಾಗ ರೇಷ್ಮೆ ಸೀರೆ ಮೇಲೆ ಸಾಂಬಾರ್ ಬಿದ್ರೆ ಅವ್ರು ಬಂದು ನನ್ನ ಬೈತಾರೆ, ನಿಮ್ಮನ್ನಲ್ಲ. ಅದ್ಕೇ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿದು ಒಳಗಿಡ್ತಿದ್ದೆ. ಡಬ್ಬಿ ಮಾತ್ರ ನಿಮ್ದೇ ಅಲ್ವಾ?"

ಡಬ್ಬಿಯ ಮೇಲೆ 'ಪರಿಸರಸ್ನೇಹಿ' ಎಂದು ಹಸಿರು ಅಕ್ಷರದಲ್ಲಿ ಅಚ್ಚು ಹಾಕಿಸಿದವರು ನಾವು. ಅದರೊಳಗೆ ಏನು ಹೋಗುತ್ತಿದೆ ಎಂದು ಒಮ್ಮೆಯೂ ಅಡಿಗೆಮನೆಗೆ ಹೋಗಿ ನೋಡಿದವರಲ್ಲ. ನಮ್ಮ ಮಾತನ್ನು ನಂಬಿಯೇ ಆ ಹೆಂಗಸು ಡಬ್ಬಿಯನ್ನು ಮನೆಗೆ ಒಯ್ದದ್ದು.

ಆಮೇಲೆ ನಮ್ಮ ಪರೀಕ್ಷೆಯ ರೀತಿ ಬದಲಾಯಿತು. ದೊನ್ನೆಗೆ ನಿಜವಾದ ಸಾಂಬಾರು ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಹೋಗಿ ಬರುವುದು. ಕಂಡಕ್ಟರ್ ಕೆಲವು ದಿನ ನೋಡಿ ಕೊನೆಗೆ ಕೇಳಿಯೇಬಿಟ್ಟ: "ಏನ್ ಸಾರ್, ದಿನಾ ಊಟ ತಗೊಂಡೋಯ್ತೀರಿ, ದಿನಾ ವಾಪಸ್ ತರ್ತೀರಿ. ಮನೇಲಿ ಜಗಳವಾ?" ಎರಡು ಎಲೆಯ ದೊನ್ನೆ, ಮೇಣದ ದೊನ್ನೆ, ರಟ್ಟಿನ ಲೋಟ, ಗಂಜಿ ಬಳಿದ ಲೋಟ, ಎಲ್ಲ ಮಾಡಿದೆ. ಕೆಲವು ತೆರಕಣಾಂಬಿಯವರೆಗೆ ತಡೆದವು. ಗುಂಡ್ಲುಪೇಟೆ ಮುಟ್ಟಿದ್ದು ಒಂದೂ ಇಲ್ಲ. ಎರಡು ಪ್ಯಾಂಟು ಕೆಟ್ಟವು. ಮೈಸೂರಿನ ಸ್ಯಾಷೆಗಳು ಆಗ ನೆನಪಾಗುತ್ತಿದ್ದವು. ಅವು ಯಾವತ್ತೂ ಸೋರಿರಲಿಲ್ಲ.

ಕೊನೆಗೆ ಸೋಲು ಒಪ್ಪಿ ಶಿವಣ್ಣನವರಿಗೆ ಹೇಳಿದೆ: ಡಬ್ಬಿ ಬದಲಾಯಿಸಲು ನನ್ನಿಂದಾಗದು, ಊಟ ಬದಲಾಯಿಸಿ. ಪಾರ್ಸಲ್ಲಿಗೆ ಪುಳಿಯೋಗರೆ, ಚಿತ್ರಾನ್ನ, ವಾಂಗಿಬಾತ್ ಮಾತ್ರ.

"ಸಾಂಬಾರಿಲ್ದೆ ಊಟನಾ? ಕೇರಳದೋರು ಬಾಗ್ಲಲ್ಲೇ 'ಕರಿ ಇಲ್ಲೇ', ಅಂದ್ರೆ ಸಾರಿಲ್ವಾ, ಅಂತ ಕೇಳ್ತಾರೆ ಸಾರ್."

"ಕರಿ ಬೇಕಾದವರು ಒಳಗೆ ಕೂತು ತಿನ್ನಲಿ."

ಅವರು ಒಂದು ವಾರ ಯೋಚಿಸಿ ಒಪ್ಪಿದರು. ಕೆಲವು ಗಿರಾಕಿಗಳು ಹೋದರು, ಕೆಲವರು ಉಳಿದರು. ಡಬ್ಬಿಯ ಮೇಲಿನ ಹಸಿರು ಅಕ್ಷರಗಳನ್ನು ತೆಗೆಸಿ 'ದನಕ್ಕೆ ಹಾಕಬೇಡಿ' ಎಂದು ಅಚ್ಚು ಹಾಕಿಸಿದೆವು. ಗೋಂದಿಗೆ ಬೇರೆ ಡ್ರಮ್ಮು ಬಂತು. ಇದನ್ನೆಲ್ಲ ಗೆಲುವು ಎನ್ನಲು ನನಗೆ ಧೈರ್ಯವಿಲ್ಲ. ಕೆಲವು ವರ್ಷಗಳಲ್ಲಿ ಥರ್ಮೋಕೋಲ್ ತಟ್ಟೆ ಬಂತು, ನಮ್ಮ ಡಬ್ಬಿ ನಿಂತುಹೋಯಿತು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಡಬ್ಬಿ ನಿಮ್ಮ ಮೇಜಿನಿಂದ ಹೊರಟ ಮೇಲೆ ಅದರ ಹಿಂದೆಯೇ ಹೋಗಿ. ತುಂಬುವವನ ಅಡಿಗೆಮನೆಗೆ, ತಿನ್ನುವವನ ಬಸ್ಸಿಗೆ, ಎತ್ತಿಕೊಳ್ಳುವವರ ಹಿತ್ತಲಿಗೆ. ಎಲ್ಲೋ ಒಂದು ಕಡೆ ನಿಮಗೆ ಗೊತ್ತಿಲ್ಲದ ಒಂದು ವಸ್ತು ಅದರೊಳಗೆ ಸೇರಿಕೊಂಡಿರುತ್ತದೆ.

ಕೆಂಪಿ ಉಳಿಯಿತು. ಮುಂದೆ ಎಷ್ಟೋ ಸಲ ಆ ದಾರಿಯಲ್ಲಿ ಹೋಗುವಾಗ ಎಡಪಕ್ಕೆಯ ಹೊಲಿಗೆಯ ಗೆರೆಯೊಂದಿಗೆ ಅದು ಹೊಂಗೆಯ ಕೆಳಗೆ ಮೆಲುಕು ಹಾಕುತ್ತಿದ್ದುದನ್ನು ಕಂಡಿದ್ದೇನೆ. ಕರುವೂ ಹುಟ್ಟಿತು. ಅದನ್ನು ನಾನೇ ನೋಡಿದೆನೋ, ಶಿವಣ್ಣ ಹೇಳಿದ್ದನ್ನು ನೋಡಿದೆನೆಂದು ತಿಳಿದಿದ್ದೇನೋ, ಗೊತ್ತಿಲ್ಲ. ಮಹದೇವಮ್ಮ ಮತ್ತೆ ಮೊಸರು ತರತೊಡಗಿದರು. ನನ್ನನ್ನು ಕಂಡರೆ ಮಾತಾಡಿಸುತ್ತಿದ್ದರು. ಡಬ್ಬಿಯ ವಿಷಯ ಎತ್ತುತ್ತಿರಲಿಲ್ಲ.

ಇನ್ನು ಪಕ್ಕಕ್ಕಿಟ್ಟ ಆ ಚಿತ್ರ. ಡಾಕ್ಟರು ಕೊನೆಯ ಸಲ ಕೈ ಹಾಕಿದಾಗ ಅಂಗೈಯಲ್ಲಿ ಒಂದು ಪುಟ್ಟ ಪೊಟ್ಟಣ ಬರುತ್ತದೆ. ಯಾರೋ ಬಿಚ್ಚದೆ ಎಸೆದ ಸಾಂಬಾರಿನ ಕವರು. ರಬ್ಬರ್ ಬ್ಯಾಂಡ್ ಬಿಗಿದಂತೆಯೇ ಇದೆ, ಒಳಗೆ ಹಳದಿ ಸಾಂಬಾರು ತುಂಬಿದಂತೆಯೇ ಇದೆ. ನಾನು ಇದನ್ನು ನಂಬಿರಲಿಲ್ಲ. ಸೋರುವ ದೊನ್ನೆಗಳೊಂದಿಗೆ ಅಷ್ಟು ತಿಂಗಳು ಏಗಿದವನ ತಲೆ ತಾನೇ ಕಟ್ಟಿಕೊಂಡ ದೃಶ್ಯ ಎಂದುಕೊಂಡಿದ್ದೆ. ಸಾಹೇಬರನ್ನು ಕೇಳೋಣವೆಂದರೆ ಅವರು ಈಗಿಲ್ಲ. ಇದ್ದಾಗಲೂ, ರಕ್ತ ಕಂಡು ಮುಖ ತಿರುಗಿಸಿದ್ದೆ ಎನ್ನುತ್ತಿದ್ದರು.

ಇದನ್ನು ಬರೆಯಲು ತೊಡಗಿದ ಮೇಲೆ ಆ ಪಶುವೈದ್ಯರನ್ನು ಹುಡುಕಿಕೊಂಡು ಹೋದೆ. ಅವರೀಗ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಪೊಟ್ಟಣದ ಮಾತು ಎತ್ತದೆ, ಹಂಗಳದಲ್ಲಿ ಒಂದು ಗಬ್ಬದ ಹಸುವನ್ನು ಕೊಯ್ದದ್ದು ನೆನಪಿದೆಯೇ ಎಂದಷ್ಟೇ ಕೇಳಿದೆ. ಹಸುವಿನ ಬಣ್ಣ ಅವರಿಗೆ ನೆನಪಿರಲಿಲ್ಲ. ಮಹದೇವಮ್ಮ ನೆನಪಿರಲಿಲ್ಲ. ನಾನು ಅಲ್ಲಿದ್ದದ್ದೂ ನೆನಪಿರಲಿಲ್ಲ.

"ಒಂದು ಸಾಂಬಾರಿನ ಕವರು ಬಂತು" ಎಂದರು. "ರಬ್ಬರ್ ಬ್ಯಾಂಡ್ ಹಾಗೇ ಇತ್ತು. ನಂಬೋಕಾಗ್ದೆ ಬಕೆಟ್ ನೀರಲ್ಲಿ ತೊಳೆದು ಹಿಂಡಿ ನೋಡ್ದೆ. ಒಂದು ಹನಿ ಸೋರಿರಲಿಲ್ಲ."